ಇಂಗ್ಲಿಷ್ ಮಾಸ್ತರರ ಕನ್ನಡ: ಬಿ.ಎಂ. ಶ್ರೀಕಂಠಯ್ಯನವರ ಬದುಕು

ಪ್ರತಿವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂತೆಂದರೆ ಕಲಾ ವಿಭಾಗದ ಕೆಲವರು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಬಿ.ಎ.ಗೆ ಕನ್ನಡ ತೆಗೆದುಕೊಳ್ಳಲೋ, ಇಂಗ್ಲಿಷ್ ತೆಗೆದುಕೊಳ್ಳಲೋ, ಉರ್ದುವೋ, ಇಲ್ಲ ಭಾಷೆಯ ಸಹವಾಸವೇ ಬೇಡವೋ ಎಂದು ಕೇಳುತ್ತಾರೆ. ಮನೆಯಲ್ಲಿ ಅಬ್ಬಾ ಒಪ್ಪುವುದಿಲ್ಲ, ಅಣ್ಣ ನಗುತ್ತಾನೆ, ಕಥೆ ಕವಿತೆ ಓದಿ ಯಾರ ಹೊಟ್ಟೆ ತುಂಬಿದೆ ಎಂದು ಓಣಿಯವರು ಅನ್ನುತ್ತಾರೆ. ಕೇಳುವವರ ಮುಖ ನೋಡಿದರೆ ಅವರಿಗೆ ಓದುವ ಆಸೆ ಇದೆ ಎಂದು ಗೊತ್ತಾಗುತ್ತದೆ. ಧೈರ್ಯ ಮಾತ್ರ ಸಾಲದು. ಅಂಥವರನ್ನು ನೆನೆದು ಈ ಸಲದ ಪತ್ರಿಕೆಗೆ ಒಬ್ಬ ಮಾಸ್ತರರ ಬದುಕನ್ನು ಬರೆಯುತ್ತಿದ್ದೇನೆ. ಅವರು ವಿಶ್ವವಿದ್ಯಾಲಯದಲ್ಲಿ ಓದಿದ್ದು ಇಂಗ್ಲಿಷ್, ಕಲಿಸಿದ್ದು ಇಂಗ್ಲಿಷ್, ಹೆಸರಾದದ್ದು ಮಾತ್ರ ಕನ್ನಡಕ್ಕೆ. 1928ರಲ್ಲಿ ಅವರು ನಮ್ಮ ಕಲಬುರಗಿಗೂ ಬಂದಿದ್ದರು.

ಬಿ.ಎಂ.ಶ್ರೀ ಎಂಬ ಮೂರಕ್ಷರವನ್ನು ನೀವು ಪಠ್ಯಪುಸ್ತಕದ ಕವಿ ಪರಿಚಯದಲ್ಲಿ ಓದಿರುತ್ತೀರಿ. ಪೂರ್ಣ ಹೆಸರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. ಬೆಳ್ಳೂರು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನ ಊರು. ಅವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರು. ಹುಡುಗನ ಶಾಲೆ ಅಲ್ಲೇ ನಡೆಯಿತು. ಟಿಪ್ಪು ಸುಲ್ತಾನರ ರಾಜಧಾನಿಯಾಗಿದ್ದ ಆ ಊರು ಆಗ ಕೋಟೆ, ಮಸೀದಿ, ದೇವಸ್ಥಾನ, ಹೊಳೆ ಇಷ್ಟನ್ನು ಉಳಿಸಿಕೊಂಡು ತಣ್ಣಗೆ ಕೂತಿದ್ದ ಊರು.

ಅಂದಿನ ಓದಿನ ಏರ್ಪಾಡು ಇಂದಿನಂತಿರಲಿಲ್ಲ. ಮೈಸೂರು ಸೀಮೆಯಲ್ಲಿ ಕಾಲೇಜುಗಳಿದ್ದರೂ ವಿಶ್ವವಿದ್ಯಾಲಯ ಇರಲಿಲ್ಲ. ಪರೀಕ್ಷೆ, ಪದವಿ ಎಲ್ಲ ಮದ್ರಾಸಿನದು. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜು ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1903ರಲ್ಲಿ ಬಿ.ಎ. ಪಾಸಾದರು. ಮುಂದೆ ಮದ್ರಾಸು. ವಕೀಲರ ಮಗ ಎಂದ ಮೇಲೆ ಕಾನೂನು ಓದುವುದು ಸಹಜ, 1906ರಲ್ಲಿ ಬಿ.ಎಲ್. ಆಯಿತು. ಆ ಪದವಿ ಕೈಯಲ್ಲಿದ್ದವರಿಗೆ ಅಂದು ಗೌರವ, ಹಣ ಎರಡಕ್ಕೂ ಕೊರತೆ ಇರಲಿಲ್ಲ. ಆದರೆ ಅವರು ಅಲ್ಲಿಗೆ ನಿಲ್ಲಿಸದೆ ಮರುವರ್ಷ ಎಂ.ಎ. ಮುಗಿಸಿದರು. 1909ರಲ್ಲಿ ಮಹಾರಾಜಾ ಕಾಲೇಜಿಗೆ ಹಿಂತಿರುಗಿದಾಗ ಅವರು ಇಂಗ್ಲಿಷ್ ಕಲಿಸುವ ಟ್ಯೂಟರ್, ಅಂದರೆ ಕಾಲೇಜಿನ ಕೆಳಗಿನ ಮೆಟ್ಟಿಲಿನ ಮೇಷ್ಟ್ರು. ಕೋರ್ಟಿನ ಬಾಗಿಲು ಬಿಟ್ಟು ತರಗತಿಯ ಬಾಗಿಲು ಹಿಡಿದಾಗ ವಯಸ್ಸು ಇಪ್ಪತ್ತೈದು.

ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಎಂದರೆ ಮನೆಯ ಭಾಷೆಯಿಂದ ದೂರ ಹೋಗುವ ಓದು ಎಂಬ ನಂಬಿಕೆ ಈಗಲೂ ಇದೆ. ಆಗ ಅದು ಇನ್ನೂ ಗಟ್ಟಿಯಾಗಿತ್ತು. ಇಂಗ್ಲಿಷ್ ಕಲಿತವರು ಕನ್ನಡದಲ್ಲಿ ಕಾಗದ ಬರೆಯಲೂ ನಾಚುತ್ತಿದ್ದ ಕಾಲ ಅದು. ಇನ್ನೊಂದು ಕಡೆ ಹಳೆಯ ಪಂಡಿತರು. ಅವರ ಕನ್ನಡ ಓದಬೇಕಾದರೆ ಸಂಸ್ಕೃತವೂ ಹಳಗನ್ನಡವೂ ಬರಬೇಕು. ಹೊಲದಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಆಡುವ ಮಾತಿಗೆ ಇಬ್ಬರ ಪುಸ್ತಕದಲ್ಲೂ ಜಾಗವಿರಲಿಲ್ಲ. ಶ್ರೀಕಂಠಯ್ಯನವರು ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್ ಪಾಠ ಮಾಡುತ್ತ ಒಂದು ವಿಷಯ ಗಮನಿಸಿದರು. ಈ ಕವಿಗಳು ತಮ್ಮ ಜನ ಆಡುವ ಭಾಷೆಗೆ ಹತ್ತಿರವಿದ್ದರು. ಇಂಗ್ಲಿಷಿಗೆ ಅದು ಸಾಧ್ಯವಾದರೆ ಕನ್ನಡಕ್ಕೇಕೆ ಆಗಬಾರದು? ಅವರ ಮುಂದಿನ ಮೂವತ್ತೈದು ವರ್ಷಗಳ ಕೆಲಸವೆಲ್ಲ ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು ಎನ್ನಬಹುದು.

1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದವರು ಅವರನ್ನು ಭಾಷಣಕ್ಕೆ ಕರೆದರು. ಧಾರವಾಡ ಆಗ ಮುಂಬೈ ಪ್ರಾಂತದಲ್ಲಿ, ಮರಾಠಿಯ ನೆರಳಿನಲ್ಲಿ ಇತ್ತು. ಅಲ್ಲಿಗೆ ಬಂದ ಇಪ್ಪತ್ತೇಳರ ಇಂಗ್ಲಿಷ್ ಅಧ್ಯಾಪಕ ಕನ್ನಡ ಮಾತು ತಲೆ ಎತ್ತುವ ಬಗೆಯ ಕುರಿತು ಮಾತನಾಡಿದರು. ಹೊಸ ಕಾಲದ ಬದುಕನ್ನು ಹೊಸಗನ್ನಡದಲ್ಲಿ ಬರೆಯಬೇಕು, ಜನರ ಮಾತು ಸಾಹಿತ್ಯಕ್ಕೆ ಬರಬೇಕು, ಹಳೆಯದನ್ನು ಅರಿತು ಪಶ್ಚಿಮದಿಂದಲೂ ಪಡೆಯಬೇಕು ಎಂಬುದು ಅವರ ವಾದದ ತಿರುಳು. ಇಂದು ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅಂದು ಕೆಲವರಿಗೆ ಉತ್ಸಾಹ, ಕೆಲವರಿಗೆ ಸಿಟ್ಟು ತರಿಸುವ ಮಾತು.

ಭಾಷಣ ಮಾಡಿ ಸುಮ್ಮನಾಗುವವರು ಬಹಳ. ಇವರು ಮಾಡಿಯೇ ತೋರಿಸಲು ಕೂತರು. ಪಾಲ್‌ಗ್ರೇವ್ ಎಂಬಾತ 1861ರಲ್ಲಿ ಇಂಗ್ಲಿಷಿನ ಒಳ್ಳೆಯ ಭಾವಗೀತೆಗಳನ್ನು ಆಯ್ದು ಗೋಲ್ಡನ್ ಟ್ರೆಷರಿ ಎಂಬ ಸಂಕಲನ ಮಾಡಿದ್ದ. ನಮ್ಮ ದೇಶದ ಕಾಲೇಜುಗಳಲ್ಲಿ ಅದು ಪಠ್ಯವಾಗಿತ್ತು. ಎಷ್ಟೋ ಮಂದಿ ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತುಬಿಡುತ್ತಿದ್ದ ಆ ಪುಸ್ತಕದ ಕವಿತೆಗಳನ್ನು, ಜೊತೆಗೆ ಬೇರೆ ಕೆಲವನ್ನು, ಶ್ರೀಕಂಠಯ್ಯನವರು ವರ್ಷಗಟ್ಟಲೆ ಕೂತು ಕನ್ನಡಕ್ಕೆ ತಂದರು. 1920ರ ದಶಕದಲ್ಲಿ ಬಂದ ಆ ಪುಸ್ತಕದ ಹೆಸರು ಇಂಗ್ಲಿಷ್ ಗೀತಗಳು. ಸುಮಾರು ಅರವತ್ತು ಕವಿತೆಗಳ ಸಣ್ಣ ಪುಸ್ತಕ. ಕನ್ನಡ ಕಾವ್ಯದ ದಾರಿ ಅಲ್ಲಿಂದ ತಿರುಗಿತು ಎಂದು ಸಾಹಿತ್ಯ ಚರಿತ್ರೆ ಬರೆದವರೆಲ್ಲ ಒಪ್ಪುತ್ತಾರೆ.

ಸಣ್ಣ ಪುಸ್ತಕದಿಂದ ಅಷ್ಟು ದೊಡ್ಡದು ಹೇಗಾಯಿತು ಎಂಬುದನ್ನು ತುಸು ಬಿಡಿಸಿ ಹೇಳಬೇಕು. ನೀವು ಪರೀಕ್ಷೆಯಲ್ಲಿ ಪ್ರಸ್ತಾರ ಹಾಕುತ್ತೀರಲ್ಲ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದೇ ಆದಿಪ್ರಾಸ. ಮೊದಲ ಸಾಲಿನ ಎರಡನೆಯ ಅಕ್ಷರ ರ ಆದರೆ ಮುಂದಿನ ಸಾಲುಗಳಲ್ಲೂ ಅಲ್ಲಿ ರಕಾರವೇ ಬೇಕು. ಕವಿಗೆ ಹೇಳಬೇಕಾದ ಮಾತು ಒಂದಿದ್ದರೆ ಪ್ರಾಸಕ್ಕೆ ಸಿಗುವ ಪದ ಇನ್ನೊಂದು. ಸಮರ್ಥರು ಇದನ್ನು ಅದ್ಭುತವಾಗಿ ನಿಭಾಯಿಸಿದರು, ಉಳಿದವರ ಕೈಯಲ್ಲಿ ಅದು ಪದಗಳ ಲೆಕ್ಕವಾಯಿತು. ಇಂಗ್ಲಿಷ್ ಕವಿತೆಗೆ ಈ ಕಟ್ಟಿಲ್ಲ. ಅದರ ಲಯ ಒತ್ತಿನ ಮೇಲೆ ನಿಂತಿದೆ, ಪ್ರಾಸ ಇದ್ದರೆ ಸಾಲಿನ ಕೊನೆಯಲ್ಲಿ. ಶ್ರೀಕಂಠಯ್ಯನವರು ಆದಿಪ್ರಾಸವನ್ನು ಕೈಬಿಟ್ಟರು. ಆದರೆ ಇಂಗ್ಲಿಷಿನ ಒತ್ತನ್ನು ಕನ್ನಡದ ಮೇಲೆ ಹೇರಲಿಲ್ಲ. ಕನ್ನಡಕ್ಕೆ ಸಹಜವಾದ ಮೂರು, ನಾಲ್ಕು, ಐದು ಮಾತ್ರೆಗಳ ಗುಂಪುಗಳನ್ನೇ ಹೊಸ ರೀತಿಯಲ್ಲಿ ಜೋಡಿಸಿದರು. ಎಲ್ಲೋ ಸಾಲು ಉದ್ದ, ಎಲ್ಲೋ ಗಿಡ್ಡ, ಎಲ್ಲೋ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಲು ಒಂದಿಷ್ಟು ಮೌನ. ಮಾತಿನ ಓಟಕ್ಕೆ ಪದ್ಯ ಬಂತು. ಮುಂದೆ ಬಂದ ಕವಿಗಳಿಗೆ ಇದು ಕೈಗೆ ಸಿಕ್ಕ ಹೊಸ ನೇಗಿಲಿನಂತಾಯಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಸೇರಿಸಬೇಕು. ಪ್ರಾಸ ಬಿಟ್ಟು ಬರೆದವರಲ್ಲಿ ಅವರೇ ಮೊದಲಿಗರಲ್ಲ. ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸಕ್ಕೆ ಬೆನ್ನು ಹಾಕಿದ್ದರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಬೇರೆಯವರೂ ಇದ್ದರು. ಆದರೆ ಒಬ್ಬ ಅಧ್ಯಾಪಕ ತನ್ನ ತರಗತಿಯ ಪಠ್ಯದಿಂದಲೇ ಇಡೀ ಒಂದು ಪುಸ್ತಕ ಕಟ್ಟಿ, ಹೀಗೆ ಬರೆಯಬಹುದು ನೋಡಿ ಎಂದು ವಿದ್ಯಾರ್ಥಿಗಳ ಮುಂದಿಟ್ಟದ್ದು ಇವರು.

ಆ ಪುಸ್ತಕದಲ್ಲಿ ಏನಿದೆ? ವಸಂತದ ಸಂತೋಷವಿದೆ, ಸ್ಕಾಟ್ಲೆಂಡಿನ ಬರ್ನ್ಸ್ ಕವಿಯ ಪ್ರೀತಿಯಿದೆ. ಥಾಮಸ್ ಹುಡ್ ಬರೆದ ಕವಿತೆಯೊಂದು ದುಃಖಸೇತು ಎಂಬ ಹೆಸರಿನಲ್ಲಿದೆ. ಲಂಡನ್ನಿನ ಒಬ್ಬ ನಿರ್ಗತಿಕ ಹೆಣ್ಣುಮಗಳು ಸೇತುವೆಯಿಂದ ಹಾರಿ ಪ್ರಾಣ ಬಿಟ್ಟದ್ದು ಅದರ ವಸ್ತು. ರಾಜರ, ದೇವತೆಗಳ ಕಥೆಗಳಿಗೆ ಒಗ್ಗಿದ್ದ ಓದುಗರಿಗೆ, ಹೆಸರಿಲ್ಲದ ಬಡ ಹುಡುಗಿಯೊಬ್ಬಳ ಹೆಣದ ಮುಂದೆ ನಿಂತು ಮರುಗುವ ಕವಿತೆ ಹೊಸದು. ಬೇರೆ ದೇಶದ ಸಾಹಿತ್ಯ ಓದುವುದೆಂದರೆ ಬೇರೆ ದೇಶದ ನೋವನ್ನೂ ಓದುವುದು ಎಂದು ನನಗೆ ಗೊತ್ತಾದದ್ದು ಈ ಕವಿತೆಯಿಂದಲೇ. ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ 1833ರಲ್ಲಿ ಹಡಗಿನ ಪ್ರಯಾಣದಲ್ಲಿ ಬರೆದ ಪ್ರಾರ್ಥನೆಯೂ ಅದರಲ್ಲಿದೆ. ಕತ್ತಲಲ್ಲಿ ದಾರಿ ತೋರಲು ಬೆಳಕನ್ನು ಬೇಡುವ ಆ ಹಾಡನ್ನು ನಮ್ಮ ರಾಜ್ಯದ ಎಷ್ಟೋ ಶಾಲೆಗಳಲ್ಲಿ ಬೆಳಗಿನ ಹೊತ್ತು ಎಲ್ಲ ಮತದ ಮಕ್ಕಳು ಹಾಡುತ್ತಾರೆ. ಅದು ಅನುವಾದ ಎಂದು ಹೇಳಿದರೆ ಹಲವರು ನಂಬುವುದಿಲ್ಲ. ಅನುವಾದಕನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕೆ?

ಅಷ್ಟರಲ್ಲಿ ಮೈಸೂರಿಗೂ ವಿಶ್ವವಿದ್ಯಾಲಯ ಬಂದಿತ್ತು, 1916ರಲ್ಲಿ. ಶ್ರೀಕಂಠಯ್ಯನವರು 1926ರಲ್ಲಿ ಅದರ ರಿಜಿಸ್ಟ್ರಾರ್ ಆದರು. ಬಂಗಾಳದ ತತ್ವಜ್ಞಾನಿ ಬ್ರಜೇಂದ್ರನಾಥ ಸೀಲರು ಕುಲಪತಿ, ರಾಜ್ಯಕ್ಕೆ ಅದೇ ವರ್ಷ ದಿವಾನರಾಗಿ ಬಂದವರು ಮಿರ್ಜಾ ಇಸ್ಮಾಯಿಲರು. ಮಾರನೆಯ ವರ್ಷ, 1927ರಲ್ಲಿ, ಕನ್ನಡದಲ್ಲಿ ಎಂ.ಎ. ತರಗತಿ ಶುರುವಾಯಿತು. ಈಗ ಯೋಚಿಸಿ. ಕನ್ನಡಕ್ಕೆ ಸಾವಿರ ವರ್ಷ ದಾಟಿದ ಸಾಹಿತ್ಯವಿದೆ, ಆದರೆ ಅದನ್ನು ಉನ್ನತ ಪದವಿಗೆ ಓದಲು ಮೈಸೂರಿನಲ್ಲಿ ತರಗತಿ ಆರಂಭವಾದದ್ದು ಆಗ. ಆ ತರಗತಿ ತೆರೆಯುವಂತೆ ಒತ್ತಾಯ ಮಾಡಿದವರಲ್ಲಿ ಇಂಗ್ಲಿಷ್ ಪ್ರೊಫೆಸರರೇ ಮುಂದೆ ನಿಂತಿದ್ದು ನನಗೆ ಸೋಜಿಗ. ಇಂಗ್ಲಿಷನ್ನು ಒಂದು ಆಧುನಿಕ ಭಾಷೆಯಾಗಿ, ಅದರ ಜನರ ಬದುಕು, ಚರಿತ್ರೆಗಳೊಂದಿಗೆ ಓದುವ ಕ್ರಮವನ್ನು ಅವರು ಬಲ್ಲವರಾಗಿದ್ದರು. ಅದೇ ಗೌರವ, ಅದೇ ಶಿಸ್ತು ಕನ್ನಡಕ್ಕೂ ಸಲ್ಲಬೇಕು ಎಂಬುದು ಅವರ ಹಟ. ಮೊದಲ ತಂಡದಲ್ಲಿ ಓದಿ 1929ರಲ್ಲಿ ಎಂ.ಎ. ಮುಗಿಸಿದವರಲ್ಲಿ ಮಲೆನಾಡಿನ ಒಬ್ಬ ಯುವಕನಿದ್ದ. ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದು ಪುಸ್ತಕ ಅಚ್ಚು ಹಾಕಿಸಿದ್ದ ಆತ ಕನ್ನಡಕ್ಕೆ ಹೊರಳಿದ್ದ. ಅವರೇ ಕುವೆಂಪು.

ಇನ್ನು ನಮ್ಮ ಊರಿನ ಮಾತಿಗೆ ಬರುತ್ತೇನೆ. 1928ರಲ್ಲಿ ಹದಿನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆಯಿತು. ಅಧ್ಯಕ್ಷರು ಬಿ.ಎಂ.ಶ್ರೀ, ವಯಸ್ಸು ನಲವತ್ತನಾಲ್ಕು. ಸಮ್ಮೇಳನ ಈ ಸೀಮೆಗೆ ಬಂದದ್ದು ಅದೇ ಮೊದಲು. ಆಗ ಗುಲ್ಬರ್ಗಾ ಜಿಲ್ಲೆ ನಿಜಾಮ್ ಸಂಸ್ಥಾನದಲ್ಲಿತ್ತು. ಕಚೇರಿ, ಕೋರ್ಟು, ಹೈಸ್ಕೂಲು ಎಲ್ಲದರ ಭಾಷೆ ಉರ್ದು. ಕಲಬುರಗಿಯಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಮಳಖೇಡ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ರಚನೆಯಾದದ್ದು ಅಲ್ಲಿಯ ಆಸ್ಥಾನದಲ್ಲಿ. ಅಂಥ ನೆಲದ ಮಗು ಶಾಲೆಯಲ್ಲಿ ಮನೆಮಾತು ಬಿಟ್ಟು ಬೇರೆ ಭಾಷೆಯಲ್ಲಿ ಲೆಕ್ಕ, ಚರಿತ್ರೆ ಕಲಿಯಬೇಕಿತ್ತು.

ಇದನ್ನು ಓದಿ ನಮ್ಮಲ್ಲಿ ಯಾರೂ ಉರ್ದುವಿನ ಮೇಲೆ ಮುನಿಸಿಕೊಳ್ಳುವುದು ಬೇಡ. ಅದೇ ಹೊತ್ತಿನಲ್ಲಿ ಹೈದರಾಬಾದಿನಲ್ಲೂ ಒಂದು ದೊಡ್ಡ ಪ್ರಯೋಗ ನಡೆದಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬಿಟ್ಟು ಉರ್ದುವಿನಲ್ಲೇ ಪಾಠ. ಅದಕ್ಕಾಗಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಕಟ್ಟಿ, ವಿಜ್ಞಾನ, ಗಣಿತ, ವೈದ್ಯ, ಕಾನೂನಿನ ನೂರಾರು ಪುಸ್ತಕಗಳನ್ನು ಉರ್ದುವಿಗೆ ತಂದರು. ನಮ್ಮ ದೇಶದ ಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯವೇ ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ಧೈರ್ಯದ್ದು. ಮೈಸೂರಿನ ಇಂಗ್ಲಿಷ್ ಮಾಸ್ತರರ ಕನಸೂ ಅದೇ ಜಾತಿಯದು. ತೊಡಕು ಇದ್ದದ್ದು ಬೇರೆ ಕಡೆ. ಒಂದು ಭಾಷೆಯನ್ನು ಎತ್ತುವಾಗ ಪಕ್ಕದ ಮನೆಯ ಭಾಷೆಗೆ ಜಾಗ ಉಳಿಯಲಿಲ್ಲ. ಅಂದು ಕನ್ನಡದ ಮನೆಯಿಂದ ಬಂದು ಉರ್ದುವಿನಲ್ಲಿ ಉತ್ತರ ಬರೆದ ಮಕ್ಕಳ ಪಾಡು ಏನೆಂದು ನಿಮ್ಮಲ್ಲಿ ಕೆಲವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ದಖ್ಖನಿ ಆಡಿ, ಇಲ್ಲಿ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವವರು ನೀವು. ಒಂದು ಪದ ನಾಲಿಗೆಯ ತುದಿಗೆ ಬಂದು, ಬೇರೆ ಭಾಷೆಯಲ್ಲಿ ಬಂದುಬಿಟ್ಟಾಗ ಆಗುವ ಸಂಕೋಚ ನಿಮಗೆ ಗೊತ್ತು.

ಕಲಬುರಗಿಯ ಸಮ್ಮೇಳನಕ್ಕೆ ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರರೇ ಅಧ್ಯಕ್ಷರಾಗಿ ಬಂದದ್ದರ ತೂಕ ಈಗ ತಿಳಿಯುತ್ತದೆ. ಇಲ್ಲಿಯ ಕನ್ನಡಿಗರಿಗೆ ಕನ್ನಡ ಎಂದರೆ ಮನೆ, ಮಠ, ಭಜನೆ, ಹೊಲ. ಅದು ಎಂ.ಎ. ತರಗತಿಯಲ್ಲಿ ಓದುವ ಭಾಷೆಯೂ ಹೌದು ಎಂದು ಹೇಳಲು, ಆ ತರಗತಿಗೆ ಒಂದೇ ವರ್ಷ ತುಂಬಿದ್ದಾಗ, ಆ ವಿಶ್ವವಿದ್ಯಾಲಯದಿಂದಲೇ ಒಬ್ಬರು ಬಂದು ವೇದಿಕೆ ಹತ್ತಿದರು.

ಅವರ ಮುಂದಿನ ಕೃತಿಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಒಂದು ನಾಟಕ. ಅವರು ರನ್ನನ ಕಾವ್ಯದಿಂದ ಗದಾಯುದ್ಧ ನಾಟಕ ಮಾಡಿದ್ದರು. ಗ್ರೀಕ್ ಕವಿ ಸಾಫೊಕ್ಲಿಸನ ಅಜಾಕ್ಸ್ ನಾಟಕವನ್ನು ಮಹಾಭಾರತದ ಅಶ್ವತ್ಥಾಮನ ಕಥೆಗೆ ಹೊಂದಿಸಿ ಬರೆದಿದ್ದರು. 1935ರಲ್ಲಿ ಬಂದ ಪಾರಸಿಕರು ಮಾತ್ರ ಬೇರೆ ತೆರ. ಅದರ ಮೂಲ ಗ್ರೀಕಿನ ಈಸ್ಕಿಲಸನದು, ಕ್ರಿಸ್ತಪೂರ್ವ 472ರಲ್ಲಿ ಅಥೆನ್ಸಿನಲ್ಲಿ ಆಡಿದ್ದು. ಅದಕ್ಕೆ ಎಂಟು ವರ್ಷ ಮೊದಲು ಸಲಾಮಿಸ್ ಎಂಬಲ್ಲಿ ಗ್ರೀಕರು ಪರ್ಷಿಯಾದ ಭಾರಿ ನೌಕಾಪಡೆಯನ್ನು ಮುಳುಗಿಸಿದ್ದರು. ಗೆದ್ದ ಊರಿನ ಕವಿ, ಪರ್ಷಿಯನ್ನರ ಮೇಲೆ ಸ್ವತಃ ಕತ್ತಿ ಹಿಡಿದಿದ್ದವನು, ಗೆಲುವಿನ ನಾಟಕ ಬರೆದಾನು ಎಂದುಕೊಳ್ಳುತ್ತೇವೆ. ಅವನು ಬರೆದದ್ದು ಸೋತವರ ಅರಮನೆಯ ಕಥೆ. ಇರಾನಿನ ರಾಜಮಾತೆ ಮಗನ ಸುದ್ದಿಗಾಗಿ ಕಾಯುತ್ತಾಳೆ, ದೂತ ಬಂದು ಸತ್ತವರ ಹೆಸರು ಹೇಳುತ್ತಾನೆ, ಕೊನೆಗೆ ಮಗ ಹರಿದ ಬಟ್ಟೆಯಲ್ಲಿ ಬರುತ್ತಾನೆ. ಶತ್ರುವಿನ ತಾಯಿಯ ಕಣ್ಣೀರನ್ನು ತನ್ನ ಊರಿನ ಜನರ ಮುಂದೆ ಇಟ್ಟ ನಾಟಕವಿದು. ಕನ್ನಡದ ಇಂಗ್ಲಿಷ್ ಪ್ರೊಫೆಸರರು ಎಷ್ಟೋ ಗ್ರೀಕ್ ನಾಟಕಗಳಲ್ಲಿ ಇದನ್ನು ಆರಿಸಿಕೊಂಡರು. ಬೇರೆ ಜನರ ಸಂಸ್ಕೃತಿಯನ್ನು ವಿಶ್ವವಿದ್ಯಾಲಯದಲ್ಲಿ ಓದಿ ಏನು ಬಂತು ಎಂದು ಕೇಳುವವರಿಗೆ ನಾನು ಈ ನಾಟಕವನ್ನು ತೋರಿಸುತ್ತೇನೆ.

ಅವರ ಬಗ್ಗೆ ನನ್ನದೊಂದು ಕೊರಗೂ ಇದೆ. ಅವರು ತೆರೆದ ಕಿಟಕಿ ಮುಖ್ಯವಾಗಿ ಪಶ್ಚಿಮದ ಕಡೆಗೆ. ಲಂಡನ್ ಬಂತು, ಅಥೆನ್ಸ್ ಬಂತು. ಪಕ್ಕದಲ್ಲೇ ಇದ್ದ ಉರ್ದು, ಮರಾಠಿಗಳ ಕಡೆಗಿನ ಕಿಟಕಿಗೆ ಅವರ ಕೈ ಅಷ್ಟಾಗಿ ಹೋಗಲಿಲ್ಲ. ಮೈಸೂರಿನಲ್ಲಿ ಕೂತವರಿಗೆ ಆ ಅಗತ್ಯ ತೋರಿರಲಿಕ್ಕಿಲ್ಲ. ಆಳಂದ ಸೀಮೆಯಲ್ಲಿ ಹುಟ್ಟಿದ್ದರೆ ತೋರುತ್ತಿತ್ತು. ನಮ್ಮಲ್ಲಿ ಸೊಲ್ಲಾಪುರಕ್ಕೆ ಹೊರಟವರ ಬಾಯಲ್ಲಿ ಮರಾಠಿ ತಾನಾಗಿ ಬರುತ್ತದೆ. ಕನ್ನಡ ಎಂದು ನಾವು ಆಡುವ ಮಾತಿನಲ್ಲೇ ಫಾರ್ಸಿ, ಅರಬ್ಬಿ ಎಷ್ಟಿದೆ ನೋಡಿ: ಜಮೀನು, ಅರ್ಜಿ, ಖರ್ಚು, ಬಾಕಿ, ತಕರಾರು, ಜಿಲ್ಲೆ, ತಾಲೂಕು, ತಹಸೀಲ್ದಾರ, ಕಾಗದ. ಶ್ರೀಕಂಠಯ್ಯನವರು ಬೇಡವೆಂದ ವಕೀಲಿಯ ಹೆಸರೂ ಅರಬ್ಬಿಯದೇ. ಈ ಪದಗಳ ಜಾಡು ಹಿಡಿದು ಹೋಗುವುದೇ ಒಂದು ಎಂ.ಎ.ಗೆ ಆಗುವಷ್ಟು ಕೆಲಸ. ಕಲಬುರಗಿಯ ಖಾಜಾ ಬಂದಾನವಾಜರ ಕಾಲದಿಂದ ಈ ನೆಲದಲ್ಲಿ ಬೆಳೆದ ದಖ್ಖನಿಯನ್ನೂ ಇಲ್ಲಿಯ ಕನ್ನಡವನ್ನೂ ಮನೆಯಲ್ಲೇ ಬಲ್ಲ ಹುಡುಗ ಹುಡುಗಿಯರು ಆ ಕೆಲಸಕ್ಕೆ ಕೂತರೆ ಮೈಸೂರಿನವರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ.

1930ರಲ್ಲಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಇಂಗ್ಲಿಷ್ ಪ್ರೊಫೆಸರಾಗಿ ಹೋದರು. 1938ರಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರು. ಪರಿಷತ್ತಿಗೆ ಅಚ್ಚುಕೂಟ ಬಂತು, ಕನ್ನಡ ನುಡಿ ಪತ್ರಿಕೆ ಬಂತು. ಕಾಲೇಜು ಮೆಟ್ಟಿಲು ಹತ್ತಲಾಗದವರೂ ಮನೆಯಲ್ಲೇ ಓದಿ ಕಟ್ಟಬಹುದಾದ ಕಾವ, ಜಾಣ ಪರೀಕ್ಷೆಗಳು ಬಂದವು. ಮೈಸೂರು ಅರಸರು ರಾಜಸೇವಾಸಕ್ತ ಎಂಬ ಬಿರುದು ಕೊಟ್ಟರು. ಶಿಷ್ಯರ ಪಟ್ಟಿ ಉದ್ದವಾಗಿದೆ: ತೀ.ನಂ. ಶ್ರೀಕಂಠಯ್ಯ, ಡಿ.ಎಲ್. ನರಸಿಂಹಾಚಾರ್, ಜಿ.ಪಿ. ರಾಜರತ್ನಂ, ಕುವೆಂಪು. ಕೆಲವರು ತರಗತಿಯಲ್ಲಿ ಕೂತು ಕಲಿತವರು, ಕೆಲವರು ಅವರ ಮಾತು ಕೇಳಿ ಬರವಣಿಗೆಗೆ ಬಂದವರು. ಸ್ವಂತ ಬರವಣಿಗೆ ಕಡಿಮೆಯಾಯಿತು, ಕವಿಯಾಗಿ ಇನ್ನೂ ಬರೆಯಬಹುದಿತ್ತು ಎಂದು ಹೇಳುವವರಿದ್ದಾರೆ. ಇರಬಹುದು. ಮಕ್ಕಳ ನೋಟ್ಸ್ ತಿದ್ದುತ್ತ ವಯಸ್ಸು ಕಳೆದ ಯಾವ ಮಾಸ್ತರನನ್ನು ಕೇಳಿದರೂ ಅದರ ಕಾರಣ ಹೇಳಿಯಾನು.

ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ಆರಾಮಾಗಿ ಇರಬಹುದಿತ್ತು. ಧಾರವಾಡದಿಂದ ಮತ್ತೊಮ್ಮೆ ಕರೆ ಬಂತು, ಈ ಸಲ ಕರ್ನಾಟಕ ಎಜುಕೇಶನ್ ಬೋರ್ಡಿನ ಹೊಸ ಆರ್ಟ್ಸ್ ಕಾಲೇಜಿಗೆ ಪ್ರಿನ್ಸಿಪಾಲರಾಗಲು. ಅರವತ್ತರ ಹತ್ತಿರದ ವಯಸ್ಸಿನಲ್ಲಿ ಅವರು ಊರು ಬಿಟ್ಟು ಹೊರಟರು. ಇಪ್ಪತ್ತೇಳರ ಹುಡುಗನಾಗಿ ಕನ್ನಡ ತಲೆ ಎತ್ತಲಿ ಎಂದು ಮಾತನಾಡಿದ ಊರಿನಲ್ಲಿ, ಹೊಸ ಕಾಲೇಜೊಂದರ ಹಾಜರಿ ಪುಸ್ತಕ, ಫೀಜು, ಬೆಂಚುಗಳ ಚಿಂತೆಯಲ್ಲಿ ಅವರ ಕೊನೆಯ ದಿನಗಳು ಕಳೆದವು. 1946ರ ಜನವರಿಯಲ್ಲಿ, ಅರವತ್ತೆರಡು ತುಂಬಿದ ಕೆಲವೇ ದಿನಗಳಲ್ಲಿ, ಧಾರವಾಡದಲ್ಲೇ ತೀರಿಕೊಂಡರು.

ಅವರು ಅಧ್ಯಕ್ಷತೆ ವಹಿಸಿ ಹೋದ ಕಲಬುರಗಿ ಭಾರತದ ಒಕ್ಕೂಟಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ, ಕನ್ನಡ ನಾಡು ಒಂದಾದದ್ದು 1956ರಲ್ಲಿ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಅಲ್ಲಿ ಕನ್ನಡ, ಇಂಗ್ಲಿಷ್, ಉರ್ದು, ಹಿಂದಿ, ಮರಾಠಿ ವಿಭಾಗಗಳಿವೆ. 2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಬಂದಿತು. ಅದು ಇರುವುದು ನಮ್ಮದೇ ಆಳಂದ ತಾಲೂಕಿನ ಕಡಗಂಚಿಯಲ್ಲಿ. ಪದವಿ ಅರ್ಜಿಯ ಕೊನೆಯ ದಿನಾಂಕಗಳನ್ನು ನೋಟಿಸ್ ಬೋರ್ಡಿಗೆ ಹಚ್ಚಿದಾಗ ನೋಡಿಕೊಳ್ಳಿ. ಮನೆಯವರ ಜೊತೆ ಮಾತಾಡಬೇಕು ಎನಿಸಿದರೆ ಅಬ್ಬಾರನ್ನೋ ಅಪ್ಪನನ್ನೋ ಒಮ್ಮೆ ಸ್ಟಾಫ್ ರೂಮಿಗೆ ಕರೆದುಕೊಂಡು ಬನ್ನಿ.